ಅರ್ಧ ಮನೆ ಕೆಳಗೆ

ಬಸ್ತಿಹಳ್ಳಿ, ಹಳೇಬೀಡು
೨೩-೧-೧೯೭೭

ನಂಜುಂಡನಿಗೆ ಜಿನದಾಸನ ಜಯಜಿನೇಂದ್ರ.

ನೀನು ಹುಬ್ಬಳ್ಳಿಗೆ ವರ್ಗವಾಗಿ ಹೋಗಿ ಮೂರು ವಾರ. ನನಗೆ ಮೂರು ವರ್ಷ ಆದಂತಿದೆ. ರೈಲ್ವೆಯವರಿಗೆ ಗೂಡ್ಸ್ ಕ್ಲರ್ಕು ಬೇಕಾಗಿದ್ದರೆ ಅರಸೀಕೆರೆಯಲ್ಲಿ ಇನ್ನೂ ಆರು ಜನ ಇರಲಿಲ್ಲವೇ? ಹಾರ್ಮೋನಿಯಂ ನುಡಿಸುವವನನ್ನೇ ಹುಡುಕಿ ಎತ್ತಿ ಹಾಕಿದರು.

ಮೊನ್ನೆ ಶುಕ್ರವಾರ ಕೊಬ್ಬರಿ ಹಾಕಲು ಅರಸೀಕೆರೆಗೆ ಹೋಗಿದ್ದೆ. ಮಂಡಿಯ ಕೆಲಸ ಹನ್ನೊಂದಕ್ಕೆ ಮುಗಿಯಿತು. ಕಾಲು ತಾನಾಗಿ ನಿನ್ನ ಕ್ವಾರ್ಟರ್ಸ್ ಕಡೆ ನಡೆಯಿತು. ಬಾಗಿಲಲ್ಲಿ ಯಾರೋ ಹೆಂಗಸು ಮೆಣಸಿನಕಾಯಿ ಹರವುತ್ತಿದ್ದಳು. "ಯಾರು ಬೇಕಾಗಿತ್ತು?" ಅಂದಳು. "ಯಾರೂ ಬೇಡ ಕಣಮ್ಮ" ಅಂತ ವಾಪಸು ಬಂದು, ಬಾಣಾವರದ ಬಸ್ಸು ಬರುವ ತನಕ ಸ್ಟ್ಯಾಂಡಿನಲ್ಲಿ ಆ ಕಡೆಯಿಂದ ಈ ಕಡೆಗೆ ತಿರುಗುತ್ತಿದ್ದೆ. ಹೈಸ್ಕೂಲಿನಲ್ಲಿ ಗಂಗಾಧರಪ್ಪ ಮೇಷ್ಟ್ರ ಮುಂದೆ ನಾನು ಹಾಡಲಿಕ್ಕೆ, ನೀನು ಹಾರ್ಮೋನಿಯಂಗೆ ಕೂತಾಗಿನಿಂದ ಲೆಕ್ಕ ಹಾಕಿದರೆ ಮೂವತ್ತೈದು ವರ್ಷ. ನೀನಿಲ್ಲದೆ ಹಾಡಿದರೆ ಗಂಟಲು ಒಂದು ಕಡೆ, ಹಾಡು ಒಂದು ಕಡೆ. ಅಂಗಡಿಯಲ್ಲಿ ಕೂತು ಗುನುಗಿದರೆ ಧರ್ಮಾವತಿ ಒಳಗಿನಿಂದ, "ಗಿರಾಕಿ ಬೇಳೆ ಕೇಳ್ತಾವ್ರೆ, ನೀವು ಆಲಾಪನೆ ತೂಗಿ ಕೊಡ್ತೀರೇನು?" ಅನ್ನುತ್ತಾಳೆ.

ಮುಖ್ಯ ವಿಷಯ ಈಗ. ಬೇಲೂರಿನಲ್ಲಿ ರಾಮನವಮಿಯ ಕಛೇರಿಗಳಿವೆಯಲ್ಲ, ಅದರಲ್ಲಿ ಏಪ್ರಿಲ್ ಮೂರರಂದು ದೊಡ್ಡ ವಿದ್ವಾಂಸರಿಗಿಂತ ಮುಂಚೆ ಅರ್ಧ ಗಂಟೆ ನನಗೆ ಕೊಟ್ಟಿದ್ದಾರೆ. ಇಷ್ಟು ಕಾಲ ಬಸದಿಯಲ್ಲಿ, ಮದುವೆ ಮನೆಗಳಲ್ಲಿ, ನಿನ್ನ ಮನೆಯ ಚಾಪೆಯ ಮೇಲೆ ಹಾಡಿದ್ದಾಯಿತು. ಐವತ್ತು ದಾಟಿದ ಮೇಲೆ ಮೊದಲ ಸಲ ವೇದಿಕೆ, ಮೈಕು. ಕೂತರೆ ಕೂರಲಾಗುತ್ತಿಲ್ಲ, ನಿಂತರೆ ನಿಲ್ಲಲಾಗುತ್ತಿಲ್ಲ. ನಾನು ನಿಜವಾಗಿ ಹಾಡುಗಾರನೋ ಅಲ್ಲವೋ ಅವತ್ತು ತೀರ್ಮಾನ ಆಗಿಬಿಡಲಿ. ನೀನು ರಜೆ ಹಾಕಿ ಬಂದು ಹಾರ್ಮೋನಿಯಂ ಹಿಡಿಯಬೇಕು.

ಜಿನದಾಸ

*

ಹುಬ್ಬಳ್ಳಿ
೪-೨-೧೯೭೭

ಪ್ರಿಯ ಜಿನದಾಸ,

ರಜೆ ಕೇಳಿದ್ದೇನೆ, ಸಿಕ್ಕುತ್ತದೆ. ಆದರೆ ಹಾರ್ಮೋನಿಯಂ ನಾನು ಹಿಡಿಯುವುದಿಲ್ಲ. ಆ ಊರಿನ ಕಛೇರಿಗೆ ಪಿಟೀಲು, ಮೃದಂಗ ಇದ್ದರೆ ಚೆಂದ. ಶ್ರುತಿಪೆಟ್ಟಿಗೆ ಒತ್ತಲಿಕ್ಕೆ ಅವರದೇ ಒಬ್ಬ ಇರುತ್ತಾನೆ. ನನ್ನ ಭಾವಮೈದುನನ ಹತ್ತಿರ ಒಂದು ಟೇಪ್ ರೆಕಾರ್ಡರ್ ಇದೆ, ಅದನ್ನು ತಂದು ನಿನ್ನ ಮುಂದೆ ಕೂರುತ್ತೇನೆ. ನಿನ್ನ ಹಾಡು ನನ್ನ ಹತ್ತಿರ ಇರಬೇಕು ಅಂತ ಆಸೆ. ಯಾಕೆ ಅಂತ ಕೇಳಬೇಡ, ಮುದುಕರ ಆಸೆ ಅಂದುಕೋ.

ಎರಡೇ ಹಾಡು ಹಾಡು. ಐದು ಹಾಡಲು ಹೋಗಬೇಡ. ನಿನ್ನ ಸಂಗತಿ ನನಗೆ ಗೊತ್ತು, ಅರ್ಧ ಗಂಟೆ ಕೊಟ್ಟರೆ ಮುಕ್ಕಾಲು ಗಂಟೆ ಎಳೆಯುವವನು.

ಅನುಸೂಯ ಧರ್ಮಾವತಮ್ಮನವರಿಗೆ ನಮಸ್ಕಾರ ಹೇಳಿದ್ದಾಳೆ. ಇಲ್ಲಿಯ ರೊಟ್ಟಿ ಅವಳಿಗೆ ಬಡಿಯಲು ಬರುತ್ತಿಲ್ಲ, ಮುದ್ದೆಯೇ ಮಾಡುತ್ತಾಳೆ.

ನಂಜುಂಡಯ್ಯ

*

ಬಸ್ತಿಹಳ್ಳಿ
೫-೪-೧೯೭೭

ನಂಜುಂಡ,

ಅವತ್ತು ರಾತ್ರಿಯ ರೈಲು ಅಂತ ಹೊರಟೇಬಿಟ್ಟೆ, ಮಾತಾಡಲಿಕ್ಕೆ ಸಿಗಲಿಲ್ಲ. ನೋಡಿದೆಯಾ ಜನರನ್ನು? ನಾನು ಭೈರವಿ ಎತ್ತಿದ ಕೂಡಲೇ ಎಲ್ಲ ಗಪ್‌ಚುಪ್. ಮುಂದಿನ ಸಾಲಿನಲ್ಲಿ ಕೂತಿದ್ದ ಯಜಮಾನರು ಕಣ್ಣೇ ತೆರೆಯಲಿಲ್ಲ. ಮೃದಂಗದವನು ಸ್ವಲ್ಪ ಎಳೆದ, ಅದಕ್ಕೆ ಕೊನೆಯಲ್ಲಿ ನನಗೆ ಏನೋ ಭಾರ ಭಾರ ಅನ್ನಿಸಿತು. ಅದು ಬಿಡು. ಕೆಳಗಿಳಿದಾಗ ಒಬ್ಬರು, "ಒಳ್ಳೇ ಧೈರ್ಯ ನಿಮ್ಮದು" ಅಂದರು. ನನಗೆ ವೇದಿಕೆ ಹೊಸದು ಅಂತ ಅವರಿಗೆ ಯಾರು ಹೇಳಿದರೋ ಏನೋ.

ಎರಡು ದಿನದಿಂದ ಅಂಗಡಿಯಲ್ಲಿ ಕೂತಿಲ್ಲ. ಕೆರೆ ಏರಿಯ ಮೇಲೆ ನಡೆದಾಡುತ್ತಿದ್ದೇನೆ. ಮುಂದಿನ ವರ್ಷ ಒಂದು ಗಂಟೆ ಕೇಳಬೇಕು. ಹಾಸನದಲ್ಲಿ ಯಾರನ್ನಾದರೂ ಹಿಡಿಯಬೇಕು. ನಂಜುಂಡ, ನಲವತ್ತು ತುಂಬುವ ಮುಂಚೆಯೇ ಈ ವೇದಿಕೆ ಸಿಕ್ಕಿದ್ದರೆ ನಾನು ಬೇಳೆ ತೂಗುತ್ತಾ ಕೂರುತ್ತಿದ್ದೆನೇ?

ಆ ಕ್ಯಾಸೆಟ್ ಬೇಗ ಕಳಿಸು. ನಾನು ಕೇಳಬೇಕು. ನನ್ನ ಧ್ವನಿಯನ್ನು ನಾನು ಹೊರಗಿನಿಂದ ಕೇಳಿದವನೇ ಅಲ್ಲ.

ಜಿನದಾಸ

*

ಹುಬ್ಬಳ್ಳಿ
೨೬-೫-೧೯೭೭

ಪ್ರಿಯ ಜಿನದಾಸ,

ಕೊಡಲಿಕ್ಕೆ ಮನಸ್ಸಿಲ್ಲದೆ ಇಷ್ಟು ದಿನ ಇಟ್ಟುಕೊಂಡೆ. ನಮ್ಮ ಗಾರ್ಡ್ ಲಕ್ಕಪ್ಪ ಬಾಣಾವರದವನು, ಅವನ ಕೈಯಲ್ಲಿ ಕಳಿಸಿದ್ದೇನೆ. ನಿಮ್ಮೂರ ಸ್ಕೂಲಿನ ರಾಮಣ್ಣ ಮೇಷ್ಟ್ರ ಮನೆಯಲ್ಲಿ ಹಾಕುವ ಮೆಷಿನ್ ಇದೆ ಅಂತ ನೀನೇ ಹೇಳಿದ್ದೆ. ಇದು ಒಂದೇ ಪ್ರತಿ. ನೀನು ಕೇಳಿಯಾದ ಮೇಲೆ ನನಗೆ ವಾಪಸು ಬೇಕು, ಮರೆಯಬೇಡ.

ನಾನು ಹನ್ನೊಂದು ಸಲ ಕೇಳಿದೆ. ಅನುಸೂಯ, "ಸಾಕು ಬಿಡ್ರೀ, ಅಣ್ಣಯ್ಯನೋರಿಗೆ ಬಿಕ್ಕಳಿಕೆ ಬಂದಾತು" ಅಂದಳು.

ನಂಜುಂಡಯ್ಯ

*

ಬಸ್ತಿಹಳ್ಳಿ
೩೦-೯-೧೯೭೭

ನಂಜುಂಡಯ್ಯನಿಗೆ,

ಉತ್ತರ ತಡವಾಯಿತು. ಇಲ್ಲಿ ಎಲ್ಲರೂ ಕ್ಷೇಮ.

ಈ ಸಲ ಚಾತುರ್ಮಾಸಕ್ಕೆ ಮುನಿಮಹಾರಾಜರೊಬ್ಬರು ನಮ್ಮ ಬಸದಿಯಲ್ಲಿ ನಿಂತಿದ್ದಾರೆ. ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ಎಂಟನೆಯದು ಉತ್ತಮ ತ್ಯಾಗದ ದಿನ. ಅವತ್ತು ಒಬ್ಬೊಬ್ಬರೂ ಎದ್ದು, ತಮಗೆ ಬಹಳ ಇಷ್ಟವಾದ ಒಂದನ್ನು ಬಿಡುತ್ತೇವೆಂದು ಮಹಾರಾಜರ ಮುಂದೆ ಹೇಳುವುದು ನಮ್ಮಲ್ಲಿ ರೂಢಿ. ಒಬ್ಬರು ನಾಲ್ಕು ತಿಂಗಳು ಬೆಲ್ಲ ಬಿಟ್ಟರು. ರಾಜಮತಿಯವರು ಬದನೆಕಾಯಿ ಬಿಟ್ಟರು. ಗೆಂಡೆಹಳ್ಳಿಯ ವಿಮಲನಾಥರು ಒಂದು ವರ್ಷ ನಶ್ಯ ಬಿಟ್ಟರು. ನಾನು ಹಾಡುವುದನ್ನು ಬಿಟ್ಟೆ. ಜೀವ ಇರುವ ತನಕ.

ಬಸದಿಯಲ್ಲಿ ಎಲ್ಲರೂ ಎದ್ದು ನಿಂತು ಜಯಕಾರ ಹಾಕಿದರು. ನನ್ನ ತಂಬೂರಿಯನ್ನು ಒಂದು ಪಾಠಶಾಲೆಗೆ ಕೊಟ್ಟೆ. ಮನಸ್ಸು ಹಗುರವಾಗಿದೆ. ಇನ್ನು ಮೇಲೆ ಹಾಡಿನ ವಿಷಯ ಬರೆಯಬೇಡ.

ಜಿನದಾಸ

*

ಹುಬ್ಬಳ್ಳಿ
೯-೧೦-೧೯೭೭

ಏನ್ಲಾ ಜಿನದಾಸ,

ನಿನಗೆ ತಲೆ ನೆಟ್ಟಗಿದೆಯೇನೋ? ಜನ ಬೆಲ್ಲ ಬಿಟ್ಟರು, ಬದನೆಕಾಯಿ ಬಿಟ್ಟರು. ಅವರಿಗೆ ಕಾರ್ತಿಕ ಕಳೆದರೆ ಬದನೆಕಾಯಿ ಮತ್ತೆ ಸಿಗುತ್ತದೆ. ನೀನು ಉಸಿರನ್ನೇ ಬಿಡುತ್ತೇನೆ ಅಂತ ಹೇಳಿ ಬಂದಿದ್ದೀಯ. ಬೇಲೂರಿನಿಂದ ಬಂದು ಕೆರೆ ಏರಿಯ ಮೇಲೆ ಕುಣಿದಾಡಿದವನು ಐದು ತಿಂಗಳಲ್ಲಿ ಸನ್ಯಾಸಿ ಆಗುವುದುಂಟೇ?

ಯಾರು ಹೇಳಿಸಿದರು, ನಿಜ ಹೇಳು. ನೀನು ರಾಮನವಮಿಗೆ ಹೋಗಿ ಹಾಡಿದ್ದಕ್ಕೆ ನಿಮ್ಮವರು ಆಡಿಕೊಂಡರಾ? ಧರ್ಮಾವತಮ್ಮ ಅಂಗಡಿ ಹಾಳಾಗುತ್ತದೆ ಅಂತ ಗಂಟುಬಿದ್ದರಾ? ನಾನು ಬಂದು ಅವರ ಕಾಲು ಹಿಡಿದು ಕೇಳಿಕೊಳ್ಳುತ್ತೇನೆ.

ಕ್ಯಾಸೆಟ್ ಕೇಳಿದೆಯೋ ಇಲ್ಲವೋ ಅದನ್ನೂ ಬರೆದಿಲ್ಲ. ನೀನು ಹಾಡದಿದ್ದರೆ ಹಾಳಾಗಿ ಹೋಗು, ಅದನ್ನಾದರೂ ವಾಪಸು ಕಳಿಸು.

ನಂಜುಂಡಯ್ಯ

*

ಬಸ್ತಿಹಳ್ಳಿ
೧೨-೧೧-೧೯೭೯

ನಂಜುಂಡಯ್ಯನಿಗೆ ಜಯಜಿನೇಂದ್ರ.

ನಿನ್ನ ನಾಲ್ಕು ಕಾಗದಕ್ಕೆ ಉತ್ತರ ಬರೆದಿಲ್ಲ. ಕೆಲಸ ಜಾಸ್ತಿ. ನನ್ನನ್ನು ಬಸದಿಯ ಟ್ರಸ್ಟಿ ಮಾಡಿದ್ದಾರೆ. ಹೊರ ಊರಿನಿಂದ ಬಂದವರಿಗೆ, "ಇವರೇ ಹಾಡು ಬಿಟ್ಟವರು" ಅಂತ ತೋರಿಸುತ್ತಾರೆ. ವಯಸ್ಸಾದವರೂ ಕೈ ಮುಗಿಯುತ್ತಾರೆ. ಹಾಡುತ್ತಿದ್ದ ಮೂವತ್ತೈದು ವರ್ಷದಲ್ಲಿ ಇದರ ಕಾಲುಭಾಗ ಮರ್ಯಾದೆ ಯಾರೂ ಕೊಟ್ಟಿರಲಿಲ್ಲ. ವಿಮಲನಾಥರು ನಮ್ಮ ಕಾಂಚನಮಾಲಾಳನ್ನು ತಮ್ಮ ಮಗನಿಗೆ ಕೇಳುವ ಹಾಗಿದೆ. "ಅಂಥ ತ್ಯಾಗಿಯ ಮನೆಯ ಹೆಣ್ಣು" ಅಂದರಂತೆ.

ಆ ಕ್ಯಾಸೆಟ್ಟನ್ನು ಇಲಿ ಕಡಿದು ಹಾಕಿತು. ಕ್ಷಮಿಸು.

ನಾನು ನೆಮ್ಮದಿಯಾಗಿದ್ದೇನೆ. ಬೆಳಿಗ್ಗೆ ನಾಲ್ಕಕ್ಕೆ ಎಚ್ಚರವಾಗುತ್ತದೆ, ಹಾಸಿಗೆಯಲ್ಲಿ ಇರಲಾಗುವುದಿಲ್ಲ. ಕೆಲವು ದಿನ ಬೇಲೂರಿನ ರಸ್ತೆ ಹಿಡಿದು ನಡೆಯುತ್ತೇನೆ, ಹೊತ್ತು ಹುಟ್ಟಿದ ಮೇಲೆ ತಿರುಗಿ ಬರುತ್ತೇನೆ. ಪಕ್ಕದ ಮನೆಯ ಗಿಡ್ಡಮ್ಮ ರಾಗಿ ಬೀಸುವಾಗ ಪದ ಹೇಳುತ್ತಾಳೆ. ಅವಳು ಶುರು ಮಾಡಿದರೆ ನಾನು ಅಂಗಡಿ ಬಿಟ್ಟು ಹೊರಗೆ ಹೋಗುತ್ತೇನೆ. ಮೊನ್ನೆ, "ಸ್ವಲ್ಪ ಮೆಲ್ಲಗೆ ಹಾಡಮ್ಮ" ಅಂತ ಕೂಗಿಬಿಟ್ಟೆ. ಅವಳು, "ನೀವು ಬಿಟ್ರೆ ನಾನೂ ಬಿಡಬೇಕಾ ಸ್ವಾಮಿ?" ಅಂದಳು. ಅಂಗಡಿಯ ತಕ್ಕಡಿ ಕೂಡ ಈಚೆಗೆ ಕಿರ್ ಅನ್ನುತ್ತದೆ. ಎಣ್ಣೆ ಹಾಕಿಸಿದೆ, ನಿಲ್ಲಲಿಲ್ಲ.

ಹೇಳಿದೆನಲ್ಲ, ನೆಮ್ಮದಿಯಾಗಿದ್ದೇನೆ.

ಜಿನದಾಸ

*

ಹುಬ್ಬಳ್ಳಿ
೬-೬-೧೯೮೧

ಪ್ರಿಯ ಜಿನದಾಸ,

ನಿನಗೆ ಬೇಡವಾದ ವಿಷಯ ಬರೆಯುತ್ತಿದ್ದೇನೆ. ಒಂದು ಸಲ ಹುಬ್ಬಳ್ಳಿಗೆ ಬಾ. ಬಾಗಿಲು ಹಾಕಿಕೊಂಡು, ನಾನೊಬ್ಬನೇ ಇರುವಾಗ, ಒಂದೇ ಒಂದು ಹಾಡು ಹಾಡು. ನಿಮ್ಮ ಬಸದಿಯವರಿಗೆ ಗೊತ್ತಾಗುವುದಿಲ್ಲ. ಪಾಪ ಬಂದರೆ ನನ್ನ ತಲೆಯ ಮೇಲಿರಲಿ. ಈ ವರ್ಷವೇ ಬಾ, ಮುಂದಿನ ವರ್ಷ ಬೇಡ.

ಕಾರಣ ಕೇಳಬೇಡ.

ನಂಜುಂಡಯ್ಯ

*

ಕಾರ್ಡು
ಬಸ್ತಿಹಳ್ಳಿ, ೧೫-೬-೧೯೮೧

ನಂಜುಂಡಯ್ಯನವರಿಗೆ. ಒಬ್ಬರ ವ್ರತವನ್ನು ಬಾಗಿಲು ಹಾಕಿಕೊಂಡು ಮುರಿಸುವುದು ತಮಾಷೆ ಅಂತ ನಿಮಗೆ ಕಂಡಿರಬಹುದು. ಸ್ನೇಹಕ್ಕೂ ಒಂದು ಮಿತಿ ಇದೆ. ಇನ್ನು ಕಾಗದ ಬರೆಯಬೇಡಿ.
ಜಿನದಾಸ

*

ಅರಸೀಕೆರೆ
೨೨-೮-೧೯೮೩

ಪ್ರಿಯ ಜಿನದಾಸ,

ಬರೆಯಬೇಡ ಅಂದಿದ್ದೆ. ಎರಡು ವರ್ಷ ಸುಮ್ಮನಿದ್ದೆ. ಹೋದ ವರ್ಷ ಕಾಂಚನಮಾಲಾಳ ಮದುವೆಯ ಕಾರ್ಡು ಬಂತು, ಅದರ ಹಿಂದೆ ಮುಂದೆ ತಿರುಗಿಸಿ ನೋಡಿದೆ, ನಿನ್ನ ಕೈಯ ಒಂದಕ್ಷರ ಇರಲಿಲ್ಲ. ಅದಕ್ಕೇ ಬರಲಿಲ್ಲ. ಮಗು ಸುಖವಾಗಿರಲಿ.

ನಾನು ರಿಟೈರಾಗಿ ಅರಸೀಕೆರೆಗೆ ಬಂದಿದ್ದೇನೆ. ಮಾಲೇಕಲ್ಲಿನ ದಾರಿಯಲ್ಲಿ ಎರಡು ಕೋಣೆಯ ಮನೆ. ಈಗ ಹೇಳುತ್ತೇನೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ನನ್ನ ಕಿವಿ ಹೋಗುತ್ತಿದೆ. ನಮ್ಮಪ್ಪನಿಗೂ ಹೀಗೇ ಆಗಿತ್ತು. ಎಪ್ಪತ್ತಾರರಲ್ಲೇ ಡಾಕ್ಟರು ಹೇಳಿದ್ದರು, ಐದು ವರ್ಷವೋ ಹತ್ತು ವರ್ಷವೋ, ಎರಡೂ ಮುಚ್ಚುತ್ತವೆ ಅಂತ. ಆ ಟೇಪ್ ರೆಕಾರ್ಡರ್ ಭಾವಮೈದುನನದಲ್ಲ, ನಾನೇ ಅದಕ್ಕಾಗಿ ಕೊಂಡದ್ದು. ಕಿವಿ ಇರುವಾಗಲೇ ನಿನ್ನ ಹಾಡನ್ನು ತುಂಬಿಸಿಕೊಂಡು, ಇರುವಷ್ಟು ದಿನ ಕೇಳೋಣ ಅಂತಿದ್ದೆ. ಆಮೇಲೆ ಅದನ್ನು ಇಲಿ ತಿಂದಿತು. ಎಂಬತ್ತೊಂದರಲ್ಲಿ ಎಡಗಿವಿ ಪೂರ್ತಿ ಹೋಯಿತು, ಅದಕ್ಕೇ ಬಾ ಅಂತ ಬರೆದದ್ದು.

ನಿನಗೆ ಹೇಳಿದ್ದರೆ ನೀನು ಕನಿಕರಕ್ಕೆ ಬರುತ್ತಿದ್ದೆ. ಅದು ನನಗೆ ಬೇಕಿರಲಿಲ್ಲ. ಈಗ ಬಲಗಿವಿ ಸ್ವಲ್ಪ ಇದೆ. ಅನುಸೂಯ ಹತ್ತಿರ ಬಂದು ಕೂಗಿದರೆ ಕೇಳಿಸುತ್ತದೆ.

ನಂಜುಂಡಯ್ಯ

*

ಬಸ್ತಿಹಳ್ಳಿ
೨೯-೮-೧೯೮೩

ನಂಜುಂಡ,

ನಿನ್ನ ಕಾಗದ ಓದಿ ಅಂಗಡಿಯ ಬಾಗಿಲು ಎಳೆದುಕೊಂಡು ಒಳಗೆ ಕೂತು ಅತ್ತೆ. ಧರ್ಮಾವತಿ ಏನು ಅಂತ ಕೇಳಿದಳು, ಹೇಳಲಿಲ್ಲ. ನಿನಗೆ ಹೇಳುತ್ತೇನೆ. ಆರು ವರ್ಷದಿಂದ ಯಾರಿಗೂ ಹೇಳಿಲ್ಲ.

ಕ್ಯಾಸೆಟ್ಟನ್ನು ಇಲಿ ಕಡಿಯಲಿಲ್ಲ. ನಾನು ಕೆರೆಗೆ ಎಸೆದೆ.

ಆ ಜೂನ್‌ನಲ್ಲಿ ರಾಮಣ್ಣ ಮೇಷ್ಟ್ರ ಮನೆಗೆ ಹೊಸ ಪಂಚೆ ಉಟ್ಟುಕೊಂಡು ಹೋದೆ. ಅವರು ಮೆಷಿನ್ ಹಾಕಿದರು. ಮೊದಲು ಜನರ ಗಲಾಟೆ, ಕೆಮ್ಮು, ಮೈಕು ಕುಯ್ ಅಂದದ್ದು. ಆಮೇಲೆ ಒಬ್ಬ ಹಾಡಿದ. ನಾನು, "ಇವನ್ಯಾರು ಮೇಷ್ಟ್ರೇ, ಮೂಗಿನಲ್ಲಿ ಹಾಡ್ತಾನೆ, ಶ್ರುತಿ ಬೇರೆ ಜಾರ್ತಾ ಐತೆ. ನಂದು ಬರೋವರೆಗೂ ಮುಂದಕ್ಕೆ ಓಡ್ಸಿ" ಅಂದೆ. ಮೇಷ್ಟ್ರು ನನ್ನ ಮುಖ ನೋಡಲಿಲ್ಲ. "ಇದು ನಿಮ್ದೇ ಜಿನದಾಸಪ್ನೋರೆ" ಅಂದರು.

ಪೂರ್ತಿ ಕೇಳಿದೆ. ಶ್ರುತಿಪೆಟ್ಟಿಗೆ ಮೇಲೆ ನಿಂತಿದೆ, ನಾನು ಕೆಳಗೆ ಕೆಳಗೆ ಹೋಗುತ್ತಿದ್ದೇನೆ, ಬಾವಿಗೆ ಹಗ್ಗ ಬಿಟ್ಟ ಹಾಗೆ. ಜನ ಗಪ್‌ಚುಪ್ ಆಗಿದ್ದು ಯಾಕೆ ಅಂತ ಆಗ ಗೊತ್ತಾಯಿತು. "ಒಳ್ಳೇ ಧೈರ್ಯ" ಅಂದದ್ದೂ ಅರ್ಥವಾಯಿತು. ಮೂರು ತಿಂಗಳು ಬಾಯಿ ಬಿಡಲಿಲ್ಲ. ನೀನು ಹನ್ನೊಂದು ಸಲ ಕೇಳಿದೆ ಅಂತ ಬರೆದಿದ್ದೆಯಲ್ಲ, ನನ್ನನ್ನು ಆಡಿಕೊಂಡಿದ್ದೀಯ ಅಂದುಕೊಂಡೆ.

ಉತ್ತಮ ತ್ಯಾಗದ ದಿನ ನನ್ನ ಸರದಿ ಬಂತು. ನಾನೂ ಬೆಲ್ಲ ಅನ್ನಬೇಕೆಂದೇ ಎದ್ದವನು. ನಮ್ಮವರೆಲ್ಲ ನನ್ನ ಹಾಡನ್ನು ಮೆಚ್ಚಿಕೊಂಡಿದ್ದವರು, ಅವರಿಗೆ ಬೇಲೂರಿನ ವಿಷಯ ಗೊತ್ತಿಲ್ಲ. ಇನ್ನೊಂದು ಸಲ ಹಾಡಿದರೆ ಗೊತ್ತಾಗುತ್ತದೆ. ಬಾಯಿಂದ "ಹಾಡು" ಅಂತ ಬಂದುಬಿಟ್ಟಿತು. ಇಷ್ಟವಾದದ್ದನ್ನು ಬಿಡುವುದು ತ್ಯಾಗ. ನಾನು ತಿಪ್ಪೆಗೆ ಎಸೆಯಬೇಕು ಅಂತಿದ್ದದ್ದನ್ನು ತಂದು ದೇವರ ಮುಂದೆ ಇಟ್ಟು ಜಯಕಾರ ಹಾಕಿಸಿಕೊಂಡೆ. ಆಮೇಲೆ ಮೂರನೇ ತಿಂಗಳಿಗೇ ಗೊತ್ತಾಯಿತು, ಕೆಟ್ಟದಾಗಿಯಾದರೂ ಹಾಡದೆ ನನಗೆ ಇರಲಾಗುವುದಿಲ್ಲ ಅಂತ. ಆ ಹೊತ್ತಿಗೆ ಜನ ಕೈ ಮುಗಿಯಲು ಶುರು ಮಾಡಿದ್ದರು.

ನಿನ್ನ ಕಿವಿಯ ವಿಷಯ ಗೊತ್ತಿದ್ದರೆ ಆ ಕ್ಯಾಸೆಟ್ಟನ್ನು ಎಸೆಯುತ್ತಿದ್ದೆನೇನೋ?

ಜಿನದಾಸ

*

ಅರಸೀಕೆರೆ
೫-೯-೧೯೮೩

ಜಿನದಾಸ,

ತಪ್ಪು ನನ್ನದು. ಓದಿ ಬೈಯಿ.

ನಿನ್ನ ಶ್ರುತಿ ಇಳಿಯುವುದು ನನಗೆ ಹೈಸ್ಕೂಲಿನಿಂದ ಗೊತ್ತು. ಯಾವ ಹಾಡಾದರೂ ಮೂರನೇ ಸಾಲಿಗೆ ಬರುವಷ್ಟರಲ್ಲಿ ನೀನು ಹಾರ್ಮೋನಿಯಂನ ಒಂದು ಕೀಲಿಯಷ್ಟು, ಅರ್ಧ ಮನೆ ಕೆಳಗೆ ಇಳಿದಿರುತ್ತೀಯ. ಗಂಗಾಧರಪ್ಪ ಮೇಷ್ಟ್ರೇ ನನಗೆ ಕಲಿಸಿದ್ದು. "ಅವನಿಗೆ ಹೇಳಬ್ಯಾಡ ಕಣ್ಲಾ, ಹೆದರ್ಕೊಂಡು ಬಿಟ್ಬಿಟ್ಟಾನು. ಅವನು ಇಳಿದ್ರೆ ನೀನೂ ಜೊತೇಲಿ ಇಳಿ" ಅಂದಿದ್ದರು. ನೀನು ಇಳಿದ ಕೂಡಲೇ ನಾನು ಹಾರ್ಮೋನಿಯಂ ಮೇಲೆ ಬೆರಳನ್ನು ಪಕ್ಕದ ಕೀಲಿಗೆ ಸರಿಸುತ್ತಿದ್ದೆ. ಮೂವತ್ತೈದು ವರ್ಷ ಸರಿಸಿದೆ. ನಿನಗೆ ಒಂದು ದಿನವೂ ಗೊತ್ತಾಗಲಿಲ್ಲ.

ಬೇಲೂರಿನಲ್ಲಿ ನನ್ನ ಕೈ ಟೇಪ್ ರೆಕಾರ್ಡರ್ ಮೇಲಿತ್ತು. ಶ್ರುತಿಪೆಟ್ಟಿಗೆಯವನು ಶ್ರುತಿಯನ್ನು ಇಟ್ಟಲ್ಲೇ ಇಟ್ಟ. ನನ್ನ ಕಿವಿಯ ಆಸೆಗೆ ನಿನ್ನನ್ನು ಅವತ್ತು ನಡುದಾರಿಯಲ್ಲಿ ಕೈಬಿಟ್ಟೆ. ಕ್ಯಾಸೆಟ್ಟಿನಲ್ಲಿ ಅದು ತಿಳಿಯುತ್ತದೆ ಅಂತ ನನಗೆ ಹೊಳೆಯಲೇ ಇಲ್ಲ, ಯಾಕೆಂದರೆ ನಾನು ಶ್ರುತಿ ಕೇಳುತ್ತಿರಲಿಲ್ಲ, ನಿನ್ನನ್ನು ಕೇಳುತ್ತಿದ್ದೆ.

ನಂಜುಂಡಯ್ಯ

*

ಬಸ್ತಿಹಳ್ಳಿ
೧೮-೨-೧೯೮೪

ನಂಜುಂಡ,

ಐದು ತಿಂಗಳು ಬರೆಯಲಿಲ್ಲ, ಸಿಟ್ಟಿತ್ತು. ಈಗಲೂ ಇದೆ. ಒಂದು ದಿನ, ಹದಿನಾರು ವರ್ಷದವನಿದ್ದಾಗ, "ಲೇ, ಇಳೀತಿದ್ದೀಯ" ಅಂತ ಒಂದು ಮಾತು ಹೇಳಿದ್ದರೆ ತಿದ್ದಿಕೊಳ್ಳುತ್ತಿರಲಿಲ್ಲವೇ? ಕುರುಡನ ಕೈ ಹಿಡಿದು ನಡೆಸಿದ ಹಾಗೆ ನಡೆಸಿದೆ, ಆಮೇಲೆ ಬೇಲೂರಿನಲ್ಲಿ ಕೈ ಬಿಟ್ಟೆ. ನಿನ್ನ ಮೇಲೆ ಕೂಗಾಡಬೇಕು ಅಂತ ಎರಡು ಸಲ ಬಾಣಾವರದ ತನಕ ಬಂದು ವಾಪಸು ಹೋದೆ. ಕೂಗಾಡಿದರೆ ನಿನಗೆ ಕೇಳಿಸುತ್ತದೋ ಇಲ್ಲವೋ ಅಂತ ನೆನಪಾಗಿ ಕಾಲು ಬರಲಿಲ್ಲ.

ಹೋದ ವಾರ ಬೆಳಗೊಳಕ್ಕೆ ಹೋಗಿದ್ದೆ. ನನಗೆ ವ್ರತ ಕೊಟ್ಟ ಮಹಾರಾಜರು ಸಮಾಧಿಯಾಗಿ ಎರಡು ವರ್ಷವಾಯಿತು. ಅಲ್ಲಿದ್ದ ಇನ್ನ್ಯಾರೋ ಹಿರಿಯ ಮುನಿಗಳ ಮುಂದೆ ಎಲ್ಲವನ್ನೂ ಹೇಳಿದೆ. ಅವರು, "ನೀನು ಹಾಡನ್ನು ತ್ಯಾಗಕ್ಕೆ ಬಿಟ್ಟದ್ದಲ್ಲ, ನಾಚಿಕೆಗೆ ಬಿಟ್ಟದ್ದು. ಅದು ವ್ರತವಲ್ಲ, ಸುಳ್ಳು. ಯಾರ ಮುಂದೆ ಸುಳ್ಳು ಹೇಳಿದೆಯೋ ಅವರ ಮುಂದೆಯೇ ನಿಜ ಹೇಳು. ಆಮೇಲೆ ಹಾಡುವುದೋ ಬಿಡುವುದೋ ನಿನಗೆ ಸೇರಿದ್ದು" ಅಂದರು.

ಹೇಗೆ ಹೇಳಲಿ? ನಾನು ಟ್ರಸ್ಟಿ. ಕಾಂಚನಮಾಲಾ ಹೋಗಿರುವ ಮನೆ ಆ ಸುಳ್ಳನ್ನೇ ನಂಬಿ ಅವಳನ್ನು ತಂದುಕೊಂಡದ್ದು. ಅವಳು ಈಗ ಎರಡು ತಿಂಗಳ ಬಸುರಿ. ಹೇಳದೆ ಹಾಡುವಂತಿಲ್ಲ, ನಿನ್ನ ಕಿವಿ ಕಾಯುವುದಿಲ್ಲ.

ಜಿನದಾಸ

*

ಅರಸೀಕೆರೆ
೨-೩-೧೯೮೪

ಜಿನದಾಸ,

ಹೇಳಬೇಡ. ನನಗಾಗಿ ಅಂತೂ ಬೇಡವೇ ಬೇಡ. ಮಗಳ ಸಂಸಾರ ಮೊದಲು. ನಾನು ನಿನ್ನ ಹಾಡು ಸಾಕಷ್ಟು ಕೇಳಿದ್ದೇನೆ, ತಲೆಯಲ್ಲಿ ಇದೆ. ಬಲಗಿವಿ ಇನ್ನೂ ಒಂದೆರಡು ವರ್ಷ ಬರುತ್ತದೆ ಅಂತ ಡಾಕ್ಟರು ಹೇಳಿದ್ದಾರೆ. ಆತುರವಿಲ್ಲ.

ನಂಜುಂಡಯ್ಯ

*

ಬಸ್ತಿಹಳ್ಳಿ
೧೪-೯-೧೯೮೪

ನಂಜುಂಡ,

ಹೇಳಿಬಿಟ್ಟೆ.

ದಶಲಕ್ಷಣ ಮುಗಿದ ಮೇಲೆ ಕ್ಷಮಾವಣಿ ಅಂತ ಒಂದು ದಿನ ಮಾಡುತ್ತೇವೆ. ಅವತ್ತು ಎಲ್ಲರೂ ಬಸದಿಯಲ್ಲಿ ಸೇರಿ ಒಬ್ಬರಿಗೊಬ್ಬರು, "ತಿಳಿದೋ ತಿಳಿಯದೆಯೋ ತಪ್ಪು ಮಾಡಿದ್ದರೆ ಕ್ಷಮಿಸಿ" ಅನ್ನುವುದು. ಯಾರೂ ಯಾವ ತಪ್ಪು ಅಂತ ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ. ನಾನು ಎದ್ದು ನಿಂತು ಯಾವ ತಪ್ಪು ಅಂತ ಹೇಳಿದೆ. ಬೇಲೂರು, ರಾಮಣ್ಣ ಮೇಷ್ಟ್ರ ಮನೆ, ಕೆರೆ, ಎಲ್ಲ. ಮುಗಿದ ಮೇಲೆ ಒಬ್ಬರು, "ಸುಮ್ನೆ ಇದ್ದಿದ್ರೆ ಆಗ್ತಿತ್ತಲ್ಲ" ಅಂದರು. ಹಿಂದೆ ಯಾರೋ ನಕ್ಕರು. ಧರ್ಮಾವತಿ ಹೆಂಗಸರ ಕಡೆಯಿಂದ ಎಲ್ಲರಿಗೂ ಕೇಳುವ ಹಾಗೆ, "ನಂಗೆ ಅವತ್ತೇ ಗೊತ್ತಿತ್ತು. ಬೆಲ್ಲ ಬಿಡ್ಲಾರದೋರು ಹಾಡು ಬಿಡ್ತಾರಾ?" ಅಂದಳು.

ವಿಮಲನಾಥರು ಅಲ್ಲೇ ಇದ್ದರು. ಎದ್ದು ಹೊರಟುಹೋದರು. ಮಾರನೇ ದಿನ ಹೇಳಿಕಳಿಸಿದರು, ಬಾಣಂತನಕ್ಕೆ ಸೊಸೆಯನ್ನು ನಮ್ಮ ಮನೆಗೆ ಕಳಿಸುವುದಿಲ್ಲವಂತೆ. ಧರ್ಮಾವತಿ ಬೆಳಗಿನ ಬಸ್ಸಿಗೇ ಗೆಂಡೆಹಳ್ಳಿಗೆ ಹೋದಳು. ಅಲ್ಲಿ ಬೀಗರ ಜಗುಲಿಯಲ್ಲಿ ನಿಂತು, "ಸುಳ್ಳು ಹೇಳಿದೋರು ಅವ್ರು, ಬಸುರಿ ಇವ್ಳು. ಅದಕ್ಕೂ ಇದಕ್ಕೂ ಏನು ಸಂಬಂಧ?" ಅಂತ ಕೇಳಿದಳಂತೆ. ಸಂಜೆಗೆ ಮಗಳನ್ನು ಕರೆದುಕೊಂಡು ಬಂದಳು. ಬೀಗರು ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ, ಇನ್ನು ಆಡುವ ಹಾಗೆ ಕಾಣುವುದಿಲ್ಲ. ಟ್ರಸ್ಟಿನಿಂದ ನಾನೇ ಬಿಟ್ಟೆ. ನಿನ್ನೆ ಅಂಗಡಿಗೆ ಬಂದವರು ಕೈ ಮುಗಿಯಲಿಲ್ಲ, ಬೇಳೆ ಕೊಡಿ ಅಂದರು.

ಹೆರಿಗೆ ಆದ ಮೇಲೆ ಅಕ್ಟೋಬರ್ ಐದರಂದು ಅರಸೀಕೆರೆಗೆ ಬರುತ್ತೇನೆ. ಹಾರ್ಮೋನಿಯಂ ಒರೆಸಿ ಇಡು. ಹೊತ್ತು ಮುಳುಗಿದ ಮೇಲೆ ನನಗೆ ಊಟ ಇಲ್ಲ ಅಂತ ಅನುಸೂಯಮ್ಮನಿಗೆ ನೆನಪಿರಲಿ.

ಜಿನದಾಸ

*

ಅರಸೀಕೆರೆ
೮-೧೦-೧೯೮೪

ಜಿನದಾಸ,

ಮೊಮ್ಮಗಳಿಗೆ ಆಶೀರ್ವಾದ. ನೀನು ಹೋಗಿ ಮೂರು ದಿನವಾಯಿತು, ನನಗೆ ನಿದ್ದೆ ಇಲ್ಲ.

ನೀನು ಬಸದಿಯಲ್ಲಿ ಎಲ್ಲರ ಮುಂದೆ ಹೇಳಿದೆ. ನಾನು ನಿನ್ನೊಬ್ಬನ ಮುಂದೆ ಹೇಳಲಾರದೆ ಕಾಗದದಲ್ಲಿ ಹೇಳುತ್ತಿದ್ದೇನೆ. ಡಾಕ್ಟರು ಎರಡು ವರ್ಷ ಅಂದಿರಲಿಲ್ಲ, ಅದು ನಾನು ಕಟ್ಟಿದ್ದು. ನೀನು ಬರುವುದಕ್ಕೆ ಹತ್ತು ದಿನ ಮುಂಚೆ ಬಲಗಿವಿಯೂ ಮುಚ್ಚಿತು. ಬೆಳಿಗ್ಗೆ ಎದ್ದೆ, ಅನುಸೂಯ ಬಾಯಿ ಆಡಿಸುತ್ತಿದ್ದಳು, ಏನೂ ಇಲ್ಲ. ನಿನಗೆ ಬರಬೇಡ ಅಂತ ಬರೆಯಲು ಎರಡು ಕಾರ್ಡು ತೆಗೆದೆ. ಅಷ್ಟೆಲ್ಲ ಕಳೆದುಕೊಂಡು ಬರುತ್ತಿರುವವನಿಗೆ ಹೇಗೆ ಬರೆಯಲಿ? ಅನುಸೂಯಳಿಗೂ ಹೇಳಬೇಡ ಅಂತ ಆಣೆ ಹಾಕಿಸಿದೆ. ನಿನ್ನ ಮಾತಿಗೆಲ್ಲ ತುಟಿ ನೋಡಿಕೊಂಡು ಹ್ಞೂಂ ಅಂದೆ.

ಹಾರ್ಮೋನಿಯಂ ಹಿಡಿದೆ, ಒಂದು ಕೀಲಿ ಒತ್ತಿದೆ. ಬೆರಳಿಗೆ ನಡುಕ ಮಾತ್ರ ತಿಳಿಯಿತು. ನೀನು ಬಾಯಿ ತೆರೆದೆ, ಕತ್ತಿನ ನರ ಎದ್ದಿತು. ನನಗೆ ಒಂದಕ್ಷರ ಕೇಳಿಸಲಿಲ್ಲ. ಕಣ್ಣು ಮುಚ್ಚಿ ತಲೆದೂಗಿದೆ. ಹಿಂದೆಲ್ಲ ನೀನು ಪ್ರತಿ ಸಾಲು ಮುಗಿಸಿ ನನ್ನ ಮುಖ ನೋಡುತ್ತಿದ್ದೆ, ಅದು ನೆನಪಿತ್ತು. ಸುಳ್ಳು ತಲೆದೂಗಿದೆ ಜಿನದಾಸ. ಕ್ಷಮಿಸು.

ನಂಜುಂಡಯ್ಯ

*

ಬಸ್ತಿಹಳ್ಳಿ
೧೨-೧೦-೧೯೮೪

ನಂಜುಂಡ,

ಇದಕ್ಕೆ ಮೂರು ದಿನ ನಿದ್ದೆ ಕೆಟ್ಟೆಯಾ? ನನಗೆ ಅಲ್ಲಿ ಕೂತಾಗಲೇ ಗೊತ್ತಾಯಿತು. ಮೂರನೇ ಸಾಲಿನಲ್ಲಿ ನಾನು ಇಳಿದೆ, ನಿನ್ನ ಬೆರಳು ಇಳಿಯಲಿಲ್ಲ. ನಿನ್ನ ಮುಖ ನೋಡಿದೆ. ಕಣ್ಣು ಮುಚ್ಚಿಕೊಂಡು ತೂಗುತ್ತಿದ್ದೆ. ನಾನು ಹಾಡು ನಿಲ್ಲಿಸಿದೆ, ಆಗಲೂ ತೂಗುತ್ತಿದ್ದೆ. ಅನುಸೂಯಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆ ಮನೆಗೆ ಹೋದರು.

ನಿಜ ಹೇಳುತ್ತೇನೆ, ಸಿಟ್ಟು ಬಂತು. ಬಸದಿಯಲ್ಲಿ ಮಾನ ಕಳೆದುಕೊಂಡು, ಬೀಗರನ್ನು ಕಳೆದುಕೊಂಡು ಬಂದದ್ದು ಇದಕ್ಕಾ ಅನ್ನಿಸಿತು. ಎದ್ದು ಹೋಗೋಣ ಅಂತ ಚಪ್ಪಲಿ ಕಡೆ ನೋಡಿದೆ. ಹೋಗಲಿಲ್ಲ. ನೀನು ಕಣ್ಣು ಮುಚ್ಚಿದ್ದೆ, ಅನುಸೂಯಮ್ಮ ಒಳಗಿದ್ದರು, ಮೆಚ್ಚುವವರು ಯಾರೂ ಇಲ್ಲ, ನಗುವವರೂ ಇಲ್ಲ. ನಿನ್ನ ಹಾರ್ಮೋನಿಯಂ ಮಾತ್ರ ಇಟ್ಟಲ್ಲೇ ಇತ್ತು. ಆ ಸಾಲನ್ನು ಮತ್ತೆ ಹಿಡಿದೆ. ಇಳಿಯಿತು. ಮತ್ತೆ ಹಿಡಿದೆ. ಮತ್ತೆ ಇಳಿಯಿತು. ಎಷ್ಟು ಸಲವೋ ಲೆಕ್ಕ ಇಡಲಿಲ್ಲ. ಹದಿನಾರು ವರ್ಷಕ್ಕೆ ಮಾಡಬೇಕಿದ್ದ ಅಭ್ಯಾಸವನ್ನು ಐವತ್ತೆಂಟಕ್ಕೆ ಮಾಡುತ್ತಾ ಕೂತೆ. ಇಷ್ಟು ವರ್ಷ ನಾನು ಹಾಡುವಾಗ ನೋಡುತ್ತಿದ್ದದ್ದು ನಿನ್ನ ತಲೆಯನ್ನು, ಜನರ ಮುಖವನ್ನು. ನನ್ನ ಗಂಟಲು ಎಲ್ಲಿ ಹೋಗುತ್ತಿದೆ ಅಂತ ಕಿವಿ ಕೊಟ್ಟೇ ಇರಲಿಲ್ಲ.

ಕೊನೆಗೆ ಒಂದು ಸಲ ಆ ಸಾಲು ಇಳಿಯದೆ ನಿಂತಿತು. ಒಂದೇ ಸಲ. ಆಮೇಲೆ ಎಷ್ಟು ಪ್ರಯತ್ನಿಸಿದರೂ ಬರಲಿಲ್ಲ, ಬಸ್ಸಿಗೆ ಹೊತ್ತಾಯಿತು ಅಂತ ಎದ್ದೆ. ನಿನಗೆ ಕೇಳಿಸಲಿಲ್ಲ ಅಂತ ಕ್ಷಮೆ ಕೇಳಿದ್ದೀಯ. ಅದೇನೂ ಬೇಡ. ನನಗೆ ಕೇಳಿಸಿತು ಕಣೋ.

ಜಿನದಾಸ